ಒಂದು ತಲೆಮಾರು ದಾಟಿ ಬಂದ ಹಾಡು

ಕೆಲವು ಮನೆಗಳಲ್ಲಿ ಅಜ್ಜನ ಮೂಗು ಅಪ್ಪನಿಗೆ ಬರದೆ ನೇರವಾಗಿ ಮೊಮ್ಮಗನ ಮುಖದ ಮೇಲೆ ಬಂದು ಕೂತಿರುತ್ತೆ. ಸಂಗೀತದಲ್ಲೂ ಹೀಗಾಗುವುದುಂಟು. 1979ರಿಂದ ಹೆಚ್ಚುಕಡಿಮೆ 1985ರವರೆಗೆ ನ್ಯೂಯಾರ್ಕ್, ಷಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊ, ಓಹಾಯೊದ ಡೇಟನ್ ಮುಂತಾದ ಊರುಗಳಲ್ಲಿ ತಯಾರಾದ ಒಂದು ಬಗೆಯ ಕುಣಿತದ ಸಂಗೀತವಿದೆ. ಈಗ ಅದನ್ನು ಪೋಸ್ಟ್-ಡಿಸ್ಕೊ ಅಂತಾರೆ, ಎಲೆಕ್ಟ್ರೋ-ಫಂಕ್ ಅಂತಾರೆ, ಬೂಗಿ ಅಂತಲೂ ಅಂತಾರೆ. ಅರವತ್ತರ ಹತ್ತಿರ ಬಂದವರಿಗೆ ಅದರ ಗಾಳಿ ಒಂದಿಷ್ಟು ನೆನಪಿದೆ. ಇಪ್ಪತ್ತೈದರ ಆಸುಪಾಸಿನವರು ಅದನ್ನು ಹುಡುಕಿ ಹುಡುಕಿ ಕೇಳುತ್ತಿದ್ದಾರೆ. ನಡುವಿನವರು, ಅಂದರೆ ಆಫೀಸಿನಲ್ಲಿ ನಿಮ್ಮ ಮ್ಯಾನೇಜರ್ ಆಗಿರುವ ನಲವತ್ತರ ಮಂದಿ, ಮಾತ್ರ ‘ಅಯ್ಯೋ, ಡಿಸ್ಕೊನಾ?’ ಅಂತ ಮುಖ ಕಿವುಚುತ್ತಾರೆ.

ಬೆಲ್ ಬಾಟಮ್ ವಾಪಸ್ ಬಂದ ಹಾಗೆ ಇದೂ ಬಂತು ಅಂತ ಹೇಳಿ ಮಾತು ಮುಗಿಸಬಹುದು. ನನಗೆ ಆ ವಿವರಣೆ ಸಾಲದು. ಈ ಸಂಗೀತ ಒಂದು ತಲೆಮಾರಿನ ಕಿವಿಗೆ ತಲುಪದೇ ಹೋಗಿದ್ದಕ್ಕೆ ಎರಡು ಕಾರಣಗಳಿವೆ. ಮೊದಲು ಅದನ್ನು ಬೀದಿಯಲ್ಲಿ ನಿಲ್ಲಿಸಿ ಅವಮಾನ ಮಾಡಿದರು. ಆಮೇಲೆ, ಅದನ್ನು ಮುಂದಿನವರ ಕೈಗೆ ಕೊಡಬೇಕಾಗಿದ್ದ ಜನರಲ್ಲಿ ಎಷ್ಟೋ ಮಂದಿ ಅಕಾಲದಲ್ಲಿ ಸತ್ತುಹೋದರು. ಈ ಎರಡು ಸಂಗತಿ ಗೊತ್ತಾದ ಮೇಲೆ ಈಗಿನ ಹುಡುಗ ಹುಡುಗಿಯರ ಒಲವನ್ನು ಬರೀ ಫ್ಯಾಶನ್ ಅನ್ನೋದಕ್ಕೆ ಬಾಯಿ ಬರುವುದಿಲ್ಲ.

ಅವಮಾನದ ಕಥೆ ಮೊದಲು. 1979ರ ಜುಲೈ 12, ಷಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನ. ಸ್ಟೀವ್ ಡಾಲ್ ಅನ್ನುವ ರೇಡಿಯೋ ನಿರೂಪಕ ಕೆಲಸ ಮಾಡುತ್ತಿದ್ದ ಸ್ಟೇಷನ್ ರಾಕ್ ಬಿಟ್ಟು ಡಿಸ್ಕೊಗೆ ಹೊರಳಿಕೊಂಡಾಗ ಅವನ ಕೆಲಸ ಹೋಗಿತ್ತು. ಬೇರೆ ಸ್ಟೇಷನ್ ಸೇರಿಕೊಂಡ ಅವನು ಡಿಸ್ಕೊ ಮೇಲೆ ಯುದ್ಧವನ್ನೇ ಸಾರಿದ. ಆವತ್ತಿನ ಯೋಜನೆ ಸರಳ: ಮನೆಯಿಂದ ಒಂದು ಡಿಸ್ಕೊ ರೆಕಾರ್ಡ್ ತಂದುಕೊಟ್ಟರೆ 98 ಸೆಂಟಿಗೆ ಟಿಕೆಟ್. ಎರಡು ಪಂದ್ಯಗಳ ನಡುವೆ ಆ ರೆಕಾರ್ಡುಗಳನ್ನೆಲ್ಲ ಮೈದಾನದ ಮಧ್ಯೆ ಪೆಟ್ಟಿಗೆಯಲ್ಲಿ ತುಂಬಿ ಸಿಡಿಸುವುದು. ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿದರು, ಹುಲ್ಲು ಕಿತ್ತರು, ಬೆಂಕಿ ಹಚ್ಚಿದರು. ಎರಡನೇ ಪಂದ್ಯ ನಡೆಯಲೇ ಇಲ್ಲ.

ಆ ಸಂಜೆ ಅಲ್ಲಿ ಜನರನ್ನು ಸೀಟಿಗೆ ಕರೆದೊಯ್ಯುವ ಕೆಲಸದಲ್ಲಿ ವಿನ್ಸ್ ಲಾರೆನ್ಸ್ ಅನ್ನುವ ಹದಿಹರೆಯದ ಕಪ್ಪು ಹುಡುಗನಿದ್ದ. ಒಂದು ಸಿಂಥಸೈಸರ್ ಕೊಳ್ಳಬೇಕು ಅಂತ ದುಡ್ಡು ಕೂಡಿಸುತ್ತಿದ್ದ. ಜನ ತಂದಿದ್ದ ರಾಶಿಯಲ್ಲಿ ಡಿಸ್ಕೊಗೆ ಸಂಬಂಧವೇ ಇಲ್ಲದ, ಸುಮ್ಮನೆ ಕಪ್ಪು ಕಲಾವಿದರ ರೆಕಾರ್ಡುಗಳೂ ಇದ್ದವು ಅಂತ ಅವನು ಮುಂದೆ ಹಲವು ಸಲ ಹೇಳಿದ್ದಾನೆ. ಡಿಸ್ಕೊ ಆಗ ಯಾರ ಸಂಗೀತವಾಗಿತ್ತು ಅಂತ ನೆನಪಿಸಿಕೊಳ್ಳಿ: ಕಪ್ಪು ಜನರದ್ದು, ಲ್ಯಾಟಿನೋಗಳದ್ದು, ಗೇ ಸಮುದಾಯದ್ದು, ಹೆಂಗಸರದ್ದು. ಮೈದಾನಕ್ಕೆ ನುಗ್ಗಿದವರು ಬಹುಪಾಲು ಬಿಳಿ ಹುಡುಗರು. ಸಂಗೀತದ ಮೇಲಿನ ಸಿಟ್ಟು ಎಷ್ಟು, ಜನರ ಮೇಲಿನ ಸಿಟ್ಟು ಎಷ್ಟು ಅಂತ ತಕ್ಕಡಿಯಲ್ಲಿಟ್ಟು ತೂಗುವುದು ಕಷ್ಟ. ಆದರೆ ಎರಡೂ ಇದ್ದವು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಆ ಆಗಸ್ಟ್‌ನಲ್ಲಿ ಷೀಕ್ ತಂಡದ ‘ಗುಡ್ ಟೈಮ್ಸ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಒಂದೇ ವಾರದಲ್ಲಿ ದಿ ನ್ಯಾಕ್ ಅನ್ನುವ ರಾಕ್ ತಂಡದ ‘ಮೈ ಶರೋನಾ’ ಅದನ್ನು ಇಳಿಸಿತು. ರೆಕಾರ್ಡ್ ಕಂಪನಿಗಳು ಡಿಸ್ಕೊ ವಿಭಾಗಗಳನ್ನು ಮುಚ್ಚಿದವು. ಡಿಸ್ಕೊ ಅನ್ನುವುದು ನಗೆಪಾಟಲಿನ ಪದವಾಯಿತು.

ಈ ಜಗಳಕ್ಕೂ ಬೆಂಗಳೂರಿಗೂ ಏನು ಸಂಬಂಧ ಅಂತ ಕೇಳಬಹುದು. ಇದೆ. ತೊಂಬತ್ತರ ದಶಕದಲ್ಲಿ, ಎರಡು ಸಾವಿರದ ಮೊದಲ ದಶಕದಲ್ಲಿ ಇಲ್ಲಿ ಕಾಲೇಜು ಓದಿದವರಿಗೆ ಇಂಗ್ಲಿಷ್ ಸಂಗೀತ ಅಂದರೆ ರಾಕ್. ಕಾಲೇಜು ಫೆಸ್ಟ್‌ಗಳಲ್ಲಿ ಬ್ಯಾಂಡ್ ಸ್ಪರ್ಧೆ, ಕಪ್ಪು ಟೀ-ಶರ್ಟು, 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರಲ್ಲಿ ಅಲ್ಲೇ ಮೆಟಾಲಿಕಾ. ಅದೊಂದು ನಿಜವಾದ ಪ್ರೀತಿ, ಅದರ ಬಗ್ಗೆ ತಕರಾರಿಲ್ಲ. ಆದರೆ ರಾಕ್ ಜೊತೆಗೆ ಅದರ ನಂಬಿಕೆಗಳೂ ಬಂದವು. ಗಿಟಾರ್ ಅಂದರೆ ಪ್ರಾಮಾಣಿಕ, ಕೀಬೋರ್ಡ್ ಅಂದರೆ ಕಳ್ಳದಾರಿ. ಬೆವರು ಸುರಿಸಿ ಡ್ರಮ್ ಬಾರಿಸುವವನು ಕಲಾವಿದ, ಡ್ರಮ್ ಮಷೀನ್ ಒತ್ತುವವನು ಸೋಮಾರಿ. ಕೇಳಲು ಬರೆದ ಸಂಗೀತ ದೊಡ್ಡದು, ಕುಣಿಯಲು ಬರೆದದ್ದು ಚಿಕ್ಕದು. ಷಿಕಾಗೊದ ಮೈದಾನದ ಜಗಳ ಇಪ್ಪತ್ತು ವರ್ಷ ತಡವಾಗಿ, ಅದರ ಹಿನ್ನೆಲೆಯೆಲ್ಲ ಕಳಚಿಕೊಂಡು, ಒಂದು ‘ಒಳ್ಳೆ ಅಭಿರುಚಿ’ಯ ರೂಪದಲ್ಲಿ ಇಲ್ಲಿಗೆ ಬಂದಿಳಿಯಿತು. ಕನ್ನಡ ಮಾತಾಡುವ ಹುಡುಗರಿಗೆ ಅಮೆರಿಕದ ಬಿಳಿ ಉಪನಗರದ ಹುಡುಗರ ಸಿಟ್ಟನ್ನು ಹೊತ್ತು ತಿರುಗುವ ಅಗತ್ಯ ಏನಿತ್ತು? ಯಾರೂ ಕೇಳಲಿಲ್ಲ. ಅಭಿರುಚಿ ಅನ್ನೋದು ಎಲ್ಲಿಂದ ಬಂತು ಅಂತ ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದೂ ಇಲ್ಲ.

ಇರಲಿ, ಸಂಗೀತಕ್ಕೆ ಬರೋಣ. ಡಿಸ್ಕೊ ಸತ್ತಿತು ಅಂತ ಪತ್ರಿಕೆಗಳು ಬರೆದ ಮೇಲೂ ಜನ ಕುಣಿಯುವುದನ್ನು ಬಿಡಲಿಲ್ಲ. ದುಡ್ಡು ಮಾತ್ರ ಕಡಿಮೆಯಾಯಿತು. ಎಪ್ಪತ್ತರ ದಶಕದ ಡಿಸ್ಕೊ ಹಾಡುಗಳಲ್ಲಿ ಮೂವತ್ತು ಪಿಟೀಲು, ತುತ್ತೂರಿಗಳ ಸಾಲು, ದೊಡ್ಡ ಸ್ಟುಡಿಯೊ. ಅದೆಲ್ಲ ಮದುವೆ ಮನೆಯ ಚಪ್ಪರದ ಖರ್ಚು. 1980ರ ನಂತರ ಪ್ರಿಲ್ಯೂಡ್, ವೆಸ್ಟ್ ಎಂಡ್‌ನಂಥ ನ್ಯೂಯಾರ್ಕಿನ ಪುಟ್ಟ ಕಂಪನಿಗಳ ಕೈಯಲ್ಲಿ ಉಳಿದದ್ದು ಇಬ್ಬರು ಮೂವರು ಸಂಗೀತಗಾರರು, ಒಂದೆರಡು ಸಿಂಥಸೈಸರ್, ಒಂದು ಡ್ರಮ್ ಮಷೀನ್, ಒಂದು ಒಳ್ಳೆಯ ಕಂಠ. ಪಿಟೀಲುಗಳು ಹೋದ ಜಾಗ ಖಾಲಿ ಉಳಿಯಿತು, ಆ ಖಾಲಿ ಜಾಗದಲ್ಲಿ ಬೇಸ್ ಬಂದು ಕಾಲು ಚಾಚಿ ಕೂತಿತು. ವೇಗವೂ ಸ್ವಲ್ಪ ಇಳಿಯಿತು. ಓಡುತ್ತಿದ್ದ ಡಿಸ್ಕೊ ನಡೆಯತೊಡಗಿತು, ಆದರೆ ಎಂಥ ನಡಿಗೆ!

ಈ ಬೇಸ್‌ಗೆ ಒಂದು ಪೂರ್ವಜನ್ಮವಿದೆ. ಪಾರ್ಲಿಮೆಂಟ್ ತಂಡದ ‘ಫ್ಲ್ಯಾಶ್ ಲೈಟ್’ 1978ರ ಆರಂಭದಲ್ಲಿ ಬಂತು. ಅದರ ಬೇಸ್ ನುಡಿಸಿದವನು ಬರ್ನಿ ವೊರೆಲ್, ಶಾಸ್ತ್ರೀಯವಾಗಿ ಪಿಯಾನೊ ಕಲಿತವನು. ನುಡಿಸಿದ್ದು ಬೇಸ್ ಗಿಟಾರ್ ಅಲ್ಲ, ಮಿನಿಮೂಗ್ ಅನ್ನುವ ಸಿಂಥಸೈಸರ್. ಕಪ್ಪೆ ನೀರಿಗೆ ಹಾರಿದ ಹಾಗೆ, ರಬ್ಬರ್ ಎಳೆದು ಬಿಟ್ಟ ಹಾಗೆ ಆ ದನಿ ಮೇಲೆ ಕೆಳಗೆ ಆಡುತ್ತೆ. ಮುಂದಿನ ಐದು ವರ್ಷಗಳ ಕುಣಿತದ ಸಂಗೀತದಲ್ಲಿ ಈ ಬೇಸ್‌ನ ಮಕ್ಕಳು ಮೊಮ್ಮಕ್ಕಳು ತುಂಬಿಕೊಂಡಿದ್ದಾರೆ.

ಕಳೆದ ವರ್ಷ ಹಾಸನಕ್ಕೆ ಹೋಗುವಾಗ ಕಾರಿನಲ್ಲಿ ಅಕ್ಕನ ಮಗಳು ತನ್ನ ಫೋನಿನಿಂದ ಎವೆಲಿನ್ ಕಿಂಗ್ ಹಾಡಿದ ‘ಐಯಾಮ್ ಇನ್ ಲವ್’ ಹಾಕಿದಳು. 1981ರ ಹಾಡು. ಅವಳಿಗೆ ಇಪ್ಪತ್ತಮೂರು.

“ಮಾಮ, ಈ ಬೇಸ್ ಗಿಟಾರ್ ನುಡಿಸಿರೋದು ಯಾರು?”

“ಗಿಟಾರ್ ಅಲ್ಲ ಕಣೇ, ಅದು ಸಿಂಥ್. ನುಡಿಸಿದವನು ಕಶೀಫ್ ಅಂತ.”

“ಸುಳ್ಳು! ಕೀಬೋರ್ಡ್ ಹೀಗೆ ಜಾರಲ್ಲ.”

ಮುಂದಿನ ಸೀಟಿನಲ್ಲಿದ್ದ ಭಾವ ಡ್ಯಾಶ್‌ಬೋರ್ಡಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದವರು, “ಇದು ಡಿಸ್ಕೊ ದೀವಾನೆ ಥರಾನೇ ಇದೆಯಲ್ಲೇ. ಅದೂ ಎಂಬತ್ತೊಂದೇ. ನಾನು ಪಿಯುಸಿ,” ಅಂದರು.

“ಅಪ್ಪಾ, ನೀನು ಡಿಸ್ಕೊ ಮಾಡ್ತಿದ್ಯಾ?”

“ಮಾಡ್ತಿದ್ನೋ ಇಲ್ವೋ, ನಿಮ್ಮಮ್ಮನ ಕೇಳು.”

ಭಾವನಿಗೂ ಮಗಳಿಗೂ ಹಾಡುಗಳ ವಿಷಯದಲ್ಲಿ ಒಮ್ಮತವಾಗಿದ್ದು ಆ ದಿನವೇ ಇರಬೇಕು. ಆದರೆ ನಾನು ಹೇಳಹೊರಟಿದ್ದು ಅವಳ ‘ಜಾರಲ್ಲ’ ಅನ್ನುವ ಮಾತಿನ ಬಗ್ಗೆ. ಅವಳ ಕಿವಿ ಚುರುಕು. ಪಿಯಾನೊದಲ್ಲಿ ಸ್ವರ ಒತ್ತಿದ ಮೇಲೆ ಅದನ್ನು ಬಗ್ಗಿಸಲು ಬರುವುದಿಲ್ಲ, ನಮ್ಮ ಹಾರ್ಮೋನಿಯಂನ ಕಷ್ಟವೂ ಅದೇ. ಮಿನಿಮೂಗ್‌ನಲ್ಲಿ ಎಡಗೈ ಪಕ್ಕ ಒಂದು ಚಕ್ರವಿದೆ. ಬಲಗೈ ಸ್ವರ ಒತ್ತಿದರೆ ಎಡಗೈ ಅದನ್ನು ಬಗ್ಗಿಸುತ್ತೆ. ವೀಣೆಯವರು ತಂತಿ ಎಳೆದು ಗಮಕ ಹಿಡಿಯುವ ಹಾಗೆ. ಒಂದು ಸ್ವರದಿಂದ ಇನ್ನೊಂದಕ್ಕೆ ತಾನಾಗಿ ಜಾರಿಸುವ ಗುಂಡಿಯೂ ಇದೆ. ಮಷೀನ್ ಅಂತ ನಾವು ಬಯ್ಯುವ ಆ ಡಬ್ಬದೊಳಗೆ ಜಾರಿಕೆ, ಬಾಗು, ತಡವರಿಕೆಗೆಲ್ಲ ಜಾಗ ಇಟ್ಟಿದ್ದಾರೆ. ಅದನ್ನು ಹೊರಗೆ ತೆಗೆಯಲು ಒಂದು ಕೈ ಬೇಕು. ನ್ಯೂಯಾರ್ಕಿನಲ್ಲಿ ಹೆತ್ತವರಿಲ್ಲದೆ ಬೇರೆಯವರ ಮನೆಗಳಲ್ಲಿ ಬೆಳೆದ ಕಶೀಫ್‌ಗೆ ಆ ಕೈ ಇತ್ತು.

ಇನ್ನೊಂದು ಉದಾಹರಣೆ ಓಹಾಯೊದ್ದು. ಡೇಟನ್ ಸುತ್ತಮುತ್ತ ಕಾರ್ಖಾನೆಗಳ ಸೀಮೆ. ಓಹಾಯೊ ಪ್ಲೇಯರ್ಸ್, ಸ್ಲೇವ್, ಲೇಕ್‌ಸೈಡ್ ಹೀಗೆ ಒಂದರ ಹಿಂದೆ ಒಂದು ಫಂಕ್ ತಂಡ ಅಲ್ಲಿಂದ ಹೊರಟವು. ಪಕ್ಕದ ಹ್ಯಾಮಿಲ್ಟನ್ ಊರಿನ ಟ್ರೌಟ್‌ಮನ್ ಅಣ್ಣತಮ್ಮಂದಿರು ಝ್ಯಾಪ್ ಅಂತ ತಂಡ ಕಟ್ಟಿದರು. 1980ರ ಅವರ ‘ಮೋರ್ ಬೌನ್ಸ್ ಟು ದಿ ಔನ್ಸ್’ ಕೇಳಿ. ಒಂಬತ್ತು ನಿಮಿಷಕ್ಕೂ ಹೆಚ್ಚು ಉದ್ದ, ಹೆಚ್ಚೂಕಡಿಮೆ ಒಂದೇ ಬೇಸ್ ಸಾಲು, ಒಂದೇ ಚಪ್ಪಾಳೆ. ಹಾಡುವುದು ಯಂತ್ರಮಾನವನೋ ಮನುಷ್ಯನೋ ಗೊತ್ತಾಗುವುದಿಲ್ಲ. ಅದು ಟಾಕ್ ಬಾಕ್ಸ್. ಸಿಂಥ್‌ನ ದನಿಯನ್ನು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಯಿಸಿ ಆ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಳ್ಳಬೇಕು. ಗಂಟಲಿನಿಂದ ಸ್ವರ ಹೊರಡಿಸುವಂತಿಲ್ಲ, ತುಟಿ ನಾಲಿಗೆ ಆಡಿಸಿ ಸಿಂಥ್‌ನ ದನಿಗೆ ಅಕ್ಷರ ಕೊಡಬೇಕು. ಎದುರಿಗಿನ ಮೈಕ್ ಅದನ್ನು ಹಿಡಿಯುತ್ತೆ. ರಾಜರ್ ಟ್ರೌಟ್‌ಮನ್ ಇದರಲ್ಲಿ ಪಳಗಿದವನು. ಈಗಿನ ಆಟೋ-ಟ್ಯೂನ್ ಕೇಳಿ ಬೆಳೆದವರಿಗೆ ಇದು ಅದರ ಅಜ್ಜ ಅನ್ನಿಸುತ್ತೆ. ತಂತ್ರ ಬೇರೆ ಬೇರೆ. ಆಟೋ-ಟ್ಯೂನ್ ಮನುಷ್ಯನ ದನಿಯನ್ನು ತೆಗೆದುಕೊಂಡು ತಿದ್ದುತ್ತೆ. ಟಾಕ್ ಬಾಕ್ಸ್ ಮಷೀನಿಗೆ ಮನುಷ್ಯನ ಬಾಯಿ ಕೊಡುತ್ತೆ. ಜೊಲ್ಲು ಸುರಿಯುತ್ತೆ, ಹಲ್ಲು ನೋಯುತ್ತೆ. ಬೆವರು ಬೇಕು ಅನ್ನುವ ರಾಕ್ ಭಕ್ತರಿಗೆ ಇದಕ್ಕಿಂತ ಏನು ಬೇಕಿತ್ತೋ ಗೊತ್ತಿಲ್ಲ.

ಡ್ರಮ್ ಮಷೀನ್ ಬಗ್ಗೆಯೂ ಒಂದು ಮಾತು. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಅನ್ನುವ ಮಷೀನ್ ತಂದಿತು. ನಿಜವಾದ ಡ್ರಮ್‌ನಂತೆ ಕೇಳುವುದಿಲ್ಲ ಅಂತ ಜನ ಕೊಳ್ಳಲಿಲ್ಲ. ಹನ್ನೆರಡು ಸಾವಿರದಷ್ಟು ಮಾತ್ರ ತಯಾರಾಗಿ 1983ರಲ್ಲಿ ನಿಂತುಹೋಯಿತು. ಅದರ ಆ ಚುರುಗುಡುವ ದನಿಗೆ ದೋಷವಿರುವ ಟ್ರಾನ್ಸಿಸ್ಟರ್‌ಗಳನ್ನೇ ಬೇಕೆಂದು ಕೊಂಡು ಬಳಸಿದ್ದರು. ತಯಾರಿಕೆ ಸುಧಾರಿಸಿ ದೋಷದ ಮಾಲು ಸಿಗದಂತಾದಾಗ ಮಷೀನೂ ನಿಂತಿತು. ಅಷ್ಟರಲ್ಲಿ ಆರ್ಥರ್ ಬೇಕರ್ ಮತ್ತು ಜಾನ್ ರೋಬಿ 1982ರಲ್ಲಿ ‘ಪ್ಲಾನೆಟ್ ರಾಕ್’ ಹಾಡಿಗೆ ಅದನ್ನು ಬಳಸಿಯಾಗಿತ್ತು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಸ್ವರಸಾಲನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಬೀದಿಗೆ ಕರೆತಂದ ಹಾಡದು. ಅದೇ ವರ್ಷ ಮಾರ್ವಿನ್ ಗೇ ‘ಸೆಕ್ಶುಯಲ್ ಹೀಲಿಂಗ್’ನಲ್ಲಿ ಅದೇ ಮಷೀನನ್ನು ಪಿಸುಮಾತಿನಷ್ಟು ಮೆತ್ತಗೆ ನುಡಿಸಿದ. ಒಂದೇ ಮಷೀನ್, ಎರಡು ಲೋಕ. ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಸ್ಟೇಜಿನ ಮೂಲೆಯಲ್ಲಿ ನಿಂತು ‘ಪ್ಯಾಡ್’ ಬಾರಿಸುವ ಹುಡುಗನನ್ನು ನೋಡಿದ್ದೀರಲ್ಲ? ಅವನ ಮುಂದಿರುವ ಪ್ಯಾಡ್ ಬಹಳ ಸಲ ಅದೇ ರೋಲ್ಯಾಂಡ್ ಕಂಪನಿಯದ್ದು. ತಬಲಾ, ಢೋಲಕ್, ತಮಟೆ ಎಲ್ಲ ಅದರಿಂದಲೇ ಹೊರಡುತ್ತೆ. ಅವನನ್ನು ಸೋಮಾರಿ ಅನ್ನಲು ಯಾರಿಗಾದರೂ ಧೈರ್ಯ ಬಂದೀತೆ?

ಈಗ ಎರಡನೇ ಕಾರಣಕ್ಕೆ ಬರುತ್ತೇನೆ, ಅದು ಭಾರವಾದದ್ದು.

ನ್ಯೂಯಾರ್ಕಿನ ಕಿಂಗ್ ಸ್ಟ್ರೀಟ್‌ನಲ್ಲಿ ಒಂದು ಕಾರ್ ಗ್ಯಾರೇಜಿತ್ತು. 1977ರಿಂದ 1987ರವರೆಗೆ ಅದು ಪ್ಯಾರಡೈಸ್ ಗ್ಯಾರೇಜ್ ಅನ್ನುವ ಕ್ಲಬ್. ಮದ್ಯ ಮಾರುತ್ತಿರಲಿಲ್ಲ, ಸದಸ್ಯರಿಗೆ ಮತ್ತು ಅವರ ಅತಿಥಿಗಳಿಗೆ ಪ್ರವೇಶ. ಬರುವವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಗೇ ಯುವಕರು. ರಿಚರ್ಡ್ ಲಾಂಗ್ ಕಟ್ಟಿದ ಸ್ಪೀಕರ್ ವ್ಯವಸ್ಥೆ ದೇಶದಲ್ಲೇ ಹೆಸರಾಗಿತ್ತು. ಡಿಜೆ ಲ್ಯಾರಿ ಲೆವನ್. ಅವನು ರಾತ್ರಿಯಿಡೀ ಹಾಕುತ್ತಿದ್ದ ಹಾಡುಗಳೇ ಈ ಲೇಖನದ ಹಾಡುಗಳು. ಅವನು ತನ್ನ ಗೆಳೆಯರೊಡನೆ ಪೀಚ್ ಬಾಯ್ಸ್ ಅಂತ ತಂಡ ಕಟ್ಟಿ 1982ರಲ್ಲಿ ‘ಡೋಂಟ್ ಮೇಕ್ ಮಿ ವೇಟ್’ ಹೊರತಂದ. ಅದರ ಮಿಕ್ಸ್ ಮಾಡಲು ತಿಂಗಳುಗಟ್ಟಲೆ ತೆಗೆದುಕೊಂಡ. ಇಡೀ ಹಾಡಿನಲ್ಲಿ ಇರುವುದು ಬಹಳ ಕಡಿಮೆ: ಒಂದು ಬೇಸ್, ಗವಿಯೊಳಗೆ ಹೊಡೆದಂತೆ ಮರುದನಿಸುವ ಚಪ್ಪಾಳೆ, ಬರ್ನಾರ್ಡ್ ಫೌಲರ್‌ನ ಕಂಠ. ಶನಿವಾರ ರಾತ್ರಿ ಗ್ಯಾರೇಜಿನಲ್ಲಿ ಹಾಕಿ ನೋಡುವುದು, ಜನರ ಕಾಲು ಎಲ್ಲಿ ನಿಲ್ಲುತ್ತೆ ಅಂತ ಗಮನಿಸುವುದು, ವಾಪಸ್ ಸ್ಟುಡಿಯೊಗೆ ಹೋಗಿ ತಿದ್ದುವುದು. ಇಷ್ಟು ಎಚ್ಚರದಿಂದ ಮಾಡಿದ ಕೆಲಸವನ್ನು ‘ಟೈಂಪಾಸ್ ಮ್ಯೂಸಿಕ್’ ಅಂತ ಕರೆದರೆ ಆ ಪದಕ್ಕೇ ಅವಮಾನ.

1982ರ ಏಪ್ರಿಲ್‌ನಲ್ಲಿ ಅದೇ ಗ್ಯಾರೇಜಿನಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮ ನಡೆಯಿತು. ಗೇ ಯುವಕರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಿದ್ದ, ಇನ್ನೂ ಸರಿಯಾದ ಹೆಸರೂ ಇಲ್ಲದ ಒಂದು ಕಾಯಿಲೆಯ ವಿರುದ್ಧ ಗೇ ಮೆನ್ಸ್ ಹೆಲ್ತ್ ಕ್ರೈಸಿಸ್ ಅನ್ನುವ ಹೊಸ ಸಂಸ್ಥೆ ಅಲ್ಲಿ ಹಣ ಕೂಡಿಸಿತು. ಅದೇ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ಯಾಟ್ರಿಕ್ ಕೌಲಿ ತೀರಿಕೊಂಡ, 32 ವರ್ಷ. ಸಿಲ್ವೆಸ್ಟರ್‌ನ ಹಾಡುಗಳಿಗೆ ಆ ಮಿಂಚುವ ಸಿಂಥ್ ತುಂಬಿದವನು ಅವನೇ. 1988ರಲ್ಲಿ ಸಿಲ್ವೆಸ್ಟರ್. ಗ್ಯಾರೇಜಿನ ಮಾಲೀಕ ಮೈಕೆಲ್ ಬ್ರೋಡಿ 1987ರಲ್ಲಿ, ಕ್ಲಬ್ ಮುಚ್ಚಿದ ಕೆಲವೇ ತಿಂಗಳಿಗೆ. ಈ ಮೂವರನ್ನೂ ಕೊಂದದ್ದು ಏಡ್ಸ್. ಲೆವನ್ ಬೇರೆ ಕಾರಣದಿಂದ 1992ರಲ್ಲಿ ಹೋದ, 38ಕ್ಕೆ. ಇವರು ಹೆಸರು ಉಳಿದವರು. ಅದೇ ನೆಲದ ಮೇಲೆ ಕುಣಿದು, ಯಾವ ಹಾಡು ಯಾವ ರಾತ್ರಿ ಯಾಕೆ ಚೆನ್ನಾಗಿತ್ತು ಅಂತ ಮುಂದೆ ಹೇಳಬಹುದಾಗಿದ್ದ ಎಷ್ಟು ಜನ ಹೋದರೋ.

ಸಂಗೀತ ತಲೆಮಾರು ದಾಟುವುದು ರೆಕಾರ್ಡಿನಿಂದ ಮಾತ್ರ ಅಲ್ಲ. ‘ಇಲ್ಲಿ ಕೇಳು, ಈ ಜಾಗ ಕೇಳು’ ಅಂತ ಭುಜ ತಟ್ಟುವ ಒಬ್ಬ ಹಿರಿಯ ಬೇಕು. ನಮ್ಮಲ್ಲಿ ಒಬ್ಬ ಚಿಕ್ಕಪ್ಪ, ಒಬ್ಬ ಸೋದರಮಾವ, ಹಾಸ್ಟೆಲಿನ ಒಬ್ಬ ಸೀನಿಯರ್ ಆ ಕೆಲಸ ಮಾಡುತ್ತಾರೆ. ಈ ಸಂಗೀತದ ಚಿಕ್ಕಪ್ಪಂದಿರು ಬಹಳಷ್ಟು ಮಂದಿ ಇರಲಿಲ್ಲ. ಹಾಗಾಗಿ ಈಗಿನವರು ಅದನ್ನು ಯಾರ ಕೈಯಿಂದಲೂ ಪಡೆಯದೆ, ಹಳೆ ರೆಕಾರ್ಡ್ ಪೆಟ್ಟಿಗೆಗಳಿಂದ, ಮರುಬಿಡುಗಡೆ ಮಾಡುವ ಪುಟ್ಟ ಕಂಪನಿಗಳಿಂದ, ಯೂಟ್ಯೂಬಿನ ಪಕ್ಕದ ಪಟ್ಟಿಯಿಂದ ಹೆಕ್ಕಿಕೊಂಡರು. ಕೌಲಿಯ ಪ್ರಕಟವಾಗದ ಧ್ವನಿಮುದ್ರಣಗಳನ್ನು ಸ್ಯಾನ್ ಫ್ರಾನ್ಸಿಸ್ಕೊದ ಡಾರ್ಕ್ ಎಂಟ್ರೀಸ್ 2013ರಿಂದ ಒಂದೊಂದಾಗಿ ಹೊರತಂದಿತು. ಅವನು ಸತ್ತ ಮೂವತ್ತು ವರ್ಷದ ನಂತರ ಅವನ ಬಳಗ ಹಿಗ್ಗಿತು.

ಇದೇ ಬಗೆಯ ಮರುಹುಟ್ಟು ನಮ್ಮ ದೇಶದಲ್ಲೂ ಒಂದು ನಡೆದಿದೆ. ಮುಂಬೈಯ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ 808 ಮತ್ತು ಅದೇ ಕಂಪನಿಯ 303 ಅನ್ನುವ ಬೇಸ್ ಮಷೀನ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಯಾರೂ ಕೇಳಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಪ್ರಪಂಚವೇ ಬೆಚ್ಚಿತು. ಷಿಕಾಗೊದವರು 1987ರಲ್ಲಿ ಹೊರತಂದ ಆ್ಯಸಿಡ್ ಹೌಸ್ ಶೈಲಿಯನ್ನು ಈ ಮನುಷ್ಯ ಐದು ವರ್ಷ ಮೊದಲೇ ಭೈರವ, ಲಲಿತ್‌ಗಳಲ್ಲಿ ನುಡಿಸಿಟ್ಟಂತಿತ್ತು. ಅವರ ಅದೃಷ್ಟ, ಬದುಕಿದ್ದಾಗಲೇ ಯುರೋಪಿಗೆ ಹೋಗಿ ಯುವಕರ ಮುಂದೆ ನುಡಿಸಿ 2015ರಲ್ಲಿ ತೀರಿಕೊಂಡರು.

ಭಾವ ನೆನಪಿಸಿಕೊಂಡ ‘ಡಿಸ್ಕೊ ದೀವಾನೆ’ಗೂ ಒಂದು ಕನ್ನಡನಾಡಿನ ಎಳೆಯಿದೆ. ನಾಜಿಯಾ ಹಸನ್ ಪಾಕಿಸ್ತಾನದ ಹುಡುಗಿ, ಲಂಡನ್ನಿನಲ್ಲಿದ್ದಳು. ಅವಳ ನಿರ್ಮಾಪಕ ಬಿಡ್ಡು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು. ಇಲ್ಲಿ ಬ್ಯಾಂಡ್ ಕಟ್ಟಿ ನುಡಿಸಿ, ಅರವತ್ತರ ದಶಕದ ಕೊನೆಗೆ ಲಂಡನ್ನಿಗೆ ಹೋದರು. 1974ರ ‘ಕುಂಗ್ ಫು ಫೈಟಿಂಗ್’ ಅವರದ್ದು. ರಾಕ್ ಊರು ಅಂತ ಬೀಗಿದ ಬೆಂಗಳೂರು ಜಗತ್ತಿನ ಜನಪ್ರಿಯ ಸಂಗೀತಕ್ಕೆ ಕೊಟ್ಟ ಅತ್ಯಂತ ಯಶಸ್ವಿ ವ್ಯಕ್ತಿ ಒಬ್ಬ ಡಿಸ್ಕೊ ನಿರ್ಮಾಪಕ! ಅದೇ 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ ‘ಗೀತಾ’ ಬಂತು. ಇಳಯರಾಜ ಅದರ ‘ಸಂತೋಷಕ್ಕೆ’ ಹಾಡಿನಲ್ಲಿ ಡಿಸ್ಕೊದ ಓಟವನ್ನು ಹಿಡಿದ ಬಗೆ ಈಗಲೂ ಯಾವ ಮದುವೆ ಆರ್ಕೆಸ್ಟ್ರಾದಲ್ಲೂ ಸೋಲುವುದಿಲ್ಲ. ಇವನ್ನೆಲ್ಲ ಪೋಸ್ಟ್-ಡಿಸ್ಕೊ ಅಂತ ವಾದಿಸುವುದಿಲ್ಲ. ನಮ್ಮ ಮನೆಗಳ ಹಿರಿಯರ ಕಾಲುಗಳಿಗೆ ಈ ತಾಳದ ಪರಿಚಯ ಆಗಲೇ ಇತ್ತು ಅಂತಷ್ಟೇ ಹೇಳುತ್ತಿದ್ದೇನೆ.

ಕನ್ನಡದ ಕೇಳುಗರ ಒಂದು ಆಕ್ಷೇಪಣೆ ನನಗೆ ಗೊತ್ತು: ‘ಸಾಹಿತ್ಯ ಎಲ್ಲಿದೆ?’ ಭಾವಗೀತೆ ಕೇಳಿ ಬೆಳೆದ ಕಿವಿಗೆ ಈ ಹಾಡುಗಳ ಮಾತು ತೀರಾ ತೆಳು. ಪ್ರೀತಿಸು, ಕುಣಿ, ಬಾ, ಹೋಗಬೇಡ, ಇಷ್ಟರಲ್ಲೇ ಆರು ನಿಮಿಷ. ಆಕ್ಷೇಪಣೆ ನಿಜ. ಈ ಕಾಲದ ಎಷ್ಟೋ ರೆಕಾರ್ಡುಗಳು ಒಂದೇ ಅಚ್ಚಿನ ಇಟ್ಟಿಗೆಗಳು ಅನ್ನುವುದೂ ನಿಜ. ಆದರೆ ಇದನ್ನು ಕವಿತೆಯಂತೆ ಕೇಳುವ ಬದಲು ಭಜನೆಯಂತೆ ಕೇಳಿ ನೋಡಿ. ಭಜನೆಯಲ್ಲಿ ನಾಮ ಒಂದೇ, ಅದು ಸುತ್ತಿ ಸುತ್ತಿ ಬರುತ್ತಾ ಬಿಸಿಯೇರುತ್ತೆ. ಡಿ ಟ್ರೈನ್ ತಂಡದ ‘ಯೂ ಆರ್ ದಿ ಒನ್ ಫಾರ್ ಮಿ’ ಹಾಡಿನಲ್ಲಿ ಜೇಮ್ಸ್ ವಿಲಿಯಮ್ಸ್‌ನ ಕಂಠ ಹೀಗೇ ಏರುತ್ತೆ. ಕಪ್ಪು ಜನರ ಚರ್ಚಿನ ಹಾಡಿಕೆ ಅದರ ಬೇರು. ಫಂಕ್‌ನವರು ತಾಳದ ಮೊದಲ ಪೆಟ್ಟಿಗೆ ‘ದಿ ಒನ್’ ಅಂತ ವಿಶೇಷ ಮರ್ಯಾದೆ ಕೊಡುತ್ತಾರೆ. ನಾವು ‘ಸಮ’ ಅನ್ನುವುದಕ್ಕೆ ಹತ್ತಿರದ್ದು. ಎಲ್ಲಿಗೆ ಹೋದರೂ ಅಲ್ಲಿಗೆ ಬಂದು ಸೇರಬೇಕು. ಹುಬರ್ಟ್ ಈವ್ಸ್‌ನ ಸಿಂಥ್ ಪ್ರತಿ ಸಲ ಸಮಕ್ಕೆ ಬಂದಾಗ ಮೈಯಲ್ಲಿ ಆಗುವ ಆ ಸಣ್ಣ ಕುಲುಕು, ಅದೇ ಈ ಹಾಡಿನ ಸಾಹಿತ್ಯ.

ಈಗಿನವರ ಕೈಯಲ್ಲಿ ಇದು ಏನಾಗಿದೆ? ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಡಾಫ್ಟ್ ಪಂಕ್ 2013ರಲ್ಲಿ ನೈಲ್ ರಾಜರ್ಸ್‌ನನ್ನು ಕರೆದು ‘ರ‍್ಯಾಂಡಮ್ ಆ್ಯಕ್ಸೆಸ್ ಮೆಮೊರೀಸ್’ ಮಾಡಿದರು. ಕೇಳಲು ಅದ್ಭುತ, ಗ್ರ್ಯಾಮಿ ಬಂತು. ಆದರೆ ಅದು 1979ಕ್ಕಿಂತ ಹಿಂದಿನ ಸಿರಿವಂತ ಡಿಸ್ಕೊವನ್ನು ಸಿರಿವಂತಿಕೆಯಿಂದಲೇ ಮತ್ತೆ ಕಟ್ಟಿದ ಅರಮನೆ. ಆಮೇಲಿನ ಬಡತನದ ಜಾಣತನ ಅದರಲ್ಲಿಲ್ಲ. ಬ್ರೂನೊ ಮಾರ್ಸ್‌ನ ‘24ಕೆ ಮ್ಯಾಜಿಕ್’ನಲ್ಲಿ ಟಾಕ್ ಬಾಕ್ಸ್, ಸಿಂಥ್ ಬೇಸ್ ಎಲ್ಲವೂ ಇವೆ, ಇಸ್ತ್ರಿ ಮಾಡಿದ ಹಾಗೆ. ಒಂದು ಸುಕ್ಕೂ ಇಲ್ಲ. ನನಗೆ ಆ ಸುಕ್ಕುಗಳೇ ಬೇಕು. ಅವು ಸಿಗುವುದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಿನ ಡೇಮ್-ಫಂಕ್‌ನಲ್ಲಿ. 2009ರ ಅವನ ‘ಟೋಯಚಿಝೋನ್’ ಎರಡು ಗಂಟೆಗೂ ಮೀರಿದ ಆಲ್ಬಮ್. ಎಲ್ಲ ಒಬ್ಬನೇ ಹಳೆಯ ಸಿಂಥ್‌ಗಳಲ್ಲಿ ನುಡಿಸಿದ್ದು. ಎಷ್ಟೋ ಕಡೆ ಸಡಿಲ, ಒಂದೆರಡು ಕಡೆ ಬೇಜಾರೂ ಆಗುತ್ತೆ. ಆದರೆ ಎಲ್ಲೂ ಇದು ನಕಲು ಅನ್ನಿಸುವುದಿಲ್ಲ. ಮುಂದೆ ಅವನು ಡೇಟನ್ನಿನ ಸ್ಲೇವ್ ತಂಡದ ಹಿರಿಯ ಸ್ಟೀವ್ ಆ್ಯರಿಂಗ್ಟನ್ ಜೊತೆ ಕೂತು 2013ರಲ್ಲಿ ‘ಹೈಯರ್’ ಅನ್ನುವ ಇಡೀ ಆಲ್ಬಮ್ ಮಾಡಿದ. ಬೇಕಿದ್ದದ್ದು ಅದೇ: ಹಳೆ ರೆಕಾರ್ಡಿನ ತುಣುಕು ಕತ್ತರಿಸಿ ಅಂಟಿಸುವ ಬದಲು ಅದನ್ನು ಹಾಡಿದವನ ಮನೆ ಬಾಗಿಲು ತಟ್ಟಿ ಒಳಗೆ ಹೋಗುವುದು.

ಬಾಗಿಲು ತಟ್ಟದೆ ಹೋದರೆ ಏನಾಗುತ್ತೆ ಅನ್ನುವುದಕ್ಕೂ ಉದಾಹರಣೆಯಿದೆ. 2014ರ ‘ಅಪ್‌ಟೌನ್ ಫಂಕ್’ ನಿಮ್ಮ ಆಫೀಸಿನ ವಾರ್ಷಿಕೋತ್ಸವದಲ್ಲಿ ಕಡೇಪಕ್ಷ ಎರಡು ಸಲ ಬಾರಿಸಿರುತ್ತಾರೆ. ಅದು 1979ರಲ್ಲಿ ಗ್ಯಾಪ್ ಬ್ಯಾಂಡ್ ಹಾಡಿದ ‘ಊಪ್ಸ್ ಅಪ್ ಸೈಡ್ ಯುವರ್ ಹೆಡ್’ಗೆ ಎಷ್ಟು ಹತ್ತಿರ ಅನ್ನುವ ತಕರಾರು ಬಂತು. 2015ರಲ್ಲಿ ಆ ಹಾಡು ಬರೆದ ಐವರನ್ನೂ ಹೊಸ ಹಾಡಿನ ಸಹಲೇಖಕರೆಂದು ಸೇರಿಸಿ ಶೇ 17ರಷ್ಟು ಪಾಲು ಕೊಟ್ಟರು. ಎಲ್ಲ ಹಳೆ ಹಾಡುಗಳ ಹಿಂದೆ ಹೀಗೆ ಕೇಳಿ ಪಡೆಯುವ ವಕೀಲರಿಲ್ಲ. ಕೇಳಬೇಕಾದವನೇ ಬದುಕಿಲ್ಲದಾಗ ಕೇಳುವವರು ಯಾರು? ಹೊಸ ತಲೆಮಾರಿನ ಒಲವು ಇವರ ದನಿಯನ್ನು ಮಾತ್ರ ತೆಗೆದುಕೊಂಡು ಹೆಸರನ್ನು ಬಿಟ್ಟುಬಿಟ್ಟರೆ, 1979ರಲ್ಲಿ ರೆಕಾರ್ಡ್ ಸಿಡಿಸಿ ಮಾಡಿದ ಕೆಲಸ ಈಗ ಕುಣಿಯುತ್ತಾ ಕುಣಿಯುತ್ತಾ ಪೂರ್ತಿಯಾದ ಹಾಗೆ.

ಅಂದಹಾಗೆ, ಆ ಮೈದಾನದಲ್ಲಿ ಸಿಂಥ್‌ಗೆ ದುಡ್ಡು ಕೂಡಿಸುತ್ತಿದ್ದ ಹುಡುಗ ವಿನ್ಸ್ ಲಾರೆನ್ಸ್ 1984ರಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ ‘ಆನ್ ಆ್ಯಂಡ್ ಆನ್’ ಅನ್ನುವ ಹಾಡು ಬರೆದ. ಹೌಸ್ ಸಂಗೀತದ ಮೊದಲ ರೆಕಾರ್ಡ್ ಅಂತ ಸಾಮಾನ್ಯವಾಗಿ ಅದನ್ನೇ ಹೆಸರಿಸುತ್ತಾರೆ. ಅಂದರೆ ಡಿಸ್ಕೊವನ್ನು ಸುಟ್ಟ ಊರಿನಲ್ಲೇ ಅದು ಮತ್ತೆ ಚಿಗುರಿತು.

ಕೇಳಲು ಶುರುಮಾಡುವವರಿಗೆ ಒಂದೆರಡು ಸಲಹೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಬೇಡಿ, ಅದಕ್ಕೆ ಈ ಬೇಸ್ ಹೊರಡಿಸುವ ತಾಕತ್ತಿಲ್ಲ. ಈ ಹಾಡುಗಳನ್ನು ದೊಡ್ಡ ಸ್ಪೀಕರುಗಳಿಗೆಂದೇ 12 ಇಂಚಿನ ರೆಕಾರ್ಡುಗಳಲ್ಲಿ ಅಗಲವಾದ ಗೆರೆ ಕೊರೆದು ಹೊರತಂದಿದ್ದರು. ಮೆಟ್ರೊದಲ್ಲಿ ಹೋಗುವಾಗ ಒಳ್ಳೆಯ ಹೆಡ್‌ಫೋನ್ ಹಾಕಿ, ರೇಡಿಯೋಗೆಂದು ಕತ್ತರಿಸಿದ್ದನ್ನು ಬಿಟ್ಟು ಉದ್ದನೆಯ ಆವೃತ್ತಿ ಹುಡುಕಿ. ಮೊದಲು ‘ಮೋರ್ ಬೌನ್ಸ್’, ಆಮೇಲೆ ‘ಯೂ ಆರ್ ದಿ ಒನ್ ಫಾರ್ ಮಿ’, ಕೊನೆಗೆ ‘ಡೋಂಟ್ ಮೇಕ್ ಮಿ ವೇಟ್’. ಇಷ್ಟವಾದರೆ ಆ ಹಾಡಿನ ಕ್ರೆಡಿಟ್ಸ್ ತೆರೆದು ನುಡಿಸಿದವರ ಹೆಸರು ಓದಿ. ಮನೆಗೆ ಹೋದ ಮೇಲೆ ಅಪ್ಪನಿಗೋ ದೊಡ್ಡಪ್ಪನಿಗೋ ಒಂದು ಕಿವಿಯ ತುದಿ ಕೊಟ್ಟು ಕೇಳಿಸಿ. ಸೋಮವಾರ ಆಫೀಸಿಗೆ ಹೋದಾಗ ಮ್ಯಾನೇಜರಿಗೂ ಕೇಳಿಸಬಹುದು. ಡಿಸ್ಕೊ ಅಂತ ಮಾತ್ರ ಮೊದಲೇ ಹೇಳಬೇಡಿ.